ಬಿನ್ನವತ್ತಳೆಯ ಎರಡು ಸಾಲು: ಗೌರಿಬಿದನೂರು ಕಡೆಯ ಒಂದು ಸನ್ಮಾನದ ಪ್ರಕರಣ

ಗೌರಿಬಿದನೂರು ತಾಲೂಕಿನ ಒಂದು ಊರಿನಲ್ಲಿ ಡಿಸೆಂಬರ್ 16ರ ವಿಜಯ ದಿವಸದ ಸನ್ಮಾನ ಇನ್ನೇನು ನಿಂತೇ ಹೋಗುವ ಹಾಗಾಗಿತ್ತು. ದುಡ್ಡಿನ ಜಗಳವಲ್ಲ, ಪಾರ್ಟಿ ಜಗಳವೂ ಅಲ್ಲ. ಸನ್ಮಾನ ಮಾಡಿಸಿಕೊಳ್ಳಬೇಕಾದ ಹಿರಿಯರೇ ಬಿನ್ನವತ್ತಳೆ ಓದಿ, "ಈ ಎರಡು ಸಾಲು ತೆಗೀರಿ, ಇಲ್ಲದಿದ್ರೆ ನಾನು ಬರಲ್ಲ" ಅಂದುಬಿಟ್ಟರು. ಭಾಷೆ ತಿದ್ದಿಕೊಡಿ ಮೇಷ್ಟ್ರೆ ಅಂತ ಆ ಕಾಗದ ಮೊದಲೇ ನನ್ನ ಕೈಗೆ ಬಂದಿತ್ತು. ಹಾಗಾಗಿ ಇಡೀ ವಿಷಯವನ್ನು ಹತ್ತಿರದಿಂದ ನೋಡಿದೆ. ಇಂಥದ್ದು ಬೇರೆ ಊರುಗಳಲ್ಲೂ ಆಗುತ್ತಿರಬಹುದು. ವಯಸ್ಸಾದ ಮಾಜಿ ಸೈನಿಕರು ಇಲ್ಲದ ಊರು ನಮ್ಮ ಕಡೆ ಕಡಿಮೆ. ಊರಿನ ಹೆಸರು, ಜನರ ಹೆಸರು ಬಿಟ್ಟು ಉಳಿದದ್ದನ್ನು ಬರೆಯುತ್ತೇನೆ.

ಆ ಎರಡು ಸಾಲು ಹೀಗಿದ್ದವು: "1971ರಲ್ಲಿ ಪಾಕಿಸ್ತಾನವನ್ನು ಮಣಿಸಿ, 1987ರಲ್ಲಿ ಶ್ರೀಲಂಕಾದಲ್ಲಿ ಉಗ್ರರನ್ನು ಸದೆಬಡಿದು ವಿಜಯ ಪತಾಕೆ ಹಾರಿಸಿದ ಕೆಚ್ಚೆದೆಯ ಕಲಿ. ಪ್ರಾಣದ ಹಂಗು ತೊರೆದು ಶತ್ರುವಿನ ಗುಹೆಗೇ ನುಗ್ಗಿದ ಧೀರ." ಯುವಕ ಸಂಘದ ಅಧ್ಯಕ್ಷರು ಬರೆದಿದ್ದು. ಪ್ರೀತಿಯಿಂದಲೇ ಬರೆದಿದ್ದರು.

ಮಿಲಿಟರಿ ತಾತ

ಊರಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ. ಎಲ್ಲರಿಗೂ ಮಿಲಿಟರಿ ತಾತ. ವಯಸ್ಸು 75 ದಾಟಿದೆ. ಹದಿನೆಂಟು ತುಂಬಿದ ಮೇಲೆ ಬೆಂಗಳೂರಿಗೆ ಹೋಗಿ, ಹಲಸೂರು ಕೆರೆ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ ಭರ್ತಿ ಆದವರು. ಅಲ್ಲಿನವರನ್ನು ಸೈನ್ಯದಲ್ಲಿ ಮದ್ರಾಸ್ ಸ್ಯಾಪರ್ಸ್ ಅನ್ನುತ್ತಾರೆ, ಪ್ರೀತಿಗೆ 'ತಂಬಿ' ಅನ್ನುತ್ತಾರೆ. ಸ್ಯಾಪರ್ ಅಂದರೆ ಸೇತುವೆ ಕಟ್ಟುವವನು, ರಸ್ತೆ ಮಾಡುವವನು, ನೆಲದಲ್ಲಿ ಹೂತಿಟ್ಟ ಮೈನು ತೆಗೆಯುವವನು. ಗುಂಡು ಹಾರಿಸುವ ಕೆಲಸಕ್ಕಿಂತ ಗುಂಡಿನ ಮಧ್ಯೆ ಕೂತು ನಟ್ಟು ಬೋಲ್ಟು ಬಿಗಿಯುವ ಕೆಲಸವೇ ಜಾಸ್ತಿ.

1971ರಲ್ಲಿ ಇವರು ಪೂರ್ವದ ಗಡಿಯಲ್ಲಿದ್ದರು. ಪಾಕಿಸ್ತಾನದ ಸೈನ್ಯ ಹಿಂದೆ ಸರಿಯುವಾಗ ಸೇತುವೆಗಳನ್ನು ಉಡಾಯಿಸಿಕೊಂಡು ಹೋಗುತ್ತಿತ್ತು. ನಮ್ಮವರು ಹಿಂದೆಯೇ ಹೋಗಿ ಕಟ್ಟುತ್ತಿದ್ದರು. ಬಾಂಗ್ಲಾದಲ್ಲಿ ಹೆಜ್ಜೆಗೊಂದು ಹೊಳೆ, ಹೀಗಾಗಿ ಕೆಲಸಕ್ಕೆ ಬಿಡುವೇ ಇರಲಿಲ್ಲ. 1987ರಲ್ಲಿ ಮತ್ತೆ ಶ್ರೀಲಂಕಾಕ್ಕೆ ಹೋದರು, ಶಾಂತಿಪಾಲನಾ ಪಡೆಯ ಜೊತೆ. ನಾಯಬ್ ಸುಬೇದಾರ್ ಆಗಿ ನಿವೃತ್ತಿ. ಆಮೇಲೆ ಕೆಲವು ವರ್ಷ ಬೆಂಗಳೂರಿನಲ್ಲಿ ಸೆಕ್ಯೂರಿಟಿ ಕೆಲಸ, ಈಗ ಊರಲ್ಲಿ ಮುಸುಕಿನ ಜೋಳ, ಎರಡು ಹಸು, ಬೆಳಿಗ್ಗೆ ಸಂಜೆ ಡೇರಿಗೆ ಹಾಲು.

ಒಬ್ಬ ಮನುಷ್ಯನಿಗೆ ಎರಡು ಯುದ್ಧ. ಒಂದನ್ನು ಊರು ಪ್ರತಿ ವರ್ಷ ಕೇಳುತ್ತದೆ. ಇನ್ನೊಂದನ್ನು ಯಾರೂ ಕೇಳಿದ್ದೇ ಇಲ್ಲ. ಅವರ ಹೆಂಡತಿ ಹೇಳಿದ ಮಾತು: "ಎಲ್ಲಿಗೆ ಹೋದ್ರೂ ಅಡ್ರೆಸ್ ಒಂದೇ, ಕೇರಾಫ್ 56 ಎಪಿಓ, ಮಿಲಿಟರಿ ಪೋಸ್ಟಾಫೀಸು. ಲಂಕೆಗೆ ಹೋಗವ್ರೆ ಅಂತ ನಂಗೆ ಗೊತ್ತಾಗಿದ್ದು ರೇಡಿಯೋದಾಗೆ ವಾರ್ತೆ ಕೇಳಿದ ಮೇಲೆ ಯಾರೋ ಹೇಳಿ."

ಕಬ್ಬಿಣದ ಟ್ರಂಕು ತೆಗೆಸಿ ನೋಡಿದೆ. ಪೂರ್ವಿ ಸ್ಟಾರ್, ಸಂಗ್ರಾಮ್ ಪದಕ, ಇನ್ನೂ ಕೆಲವು. ರಿಬ್ಬನ್ನುಗಳ ಬಣ್ಣ ಹೋಗಿದೆ, ಪಿನ್ನು ತುಕ್ಕು ಹಿಡಿದಿದೆ. ಅದರ ಕೆಳಗೆ ಪಿಂಚಣಿ ಕಾಗದ, ಮದುವೆಯ ಫೋಟೋ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಚಿಕ್ಕ ನೋಟ್‌ಬುಕ್. ಅದರಲ್ಲಿ ರೋಮನ್ ಅಕ್ಷರದ ಹಿಂದಿಯಲ್ಲಿ ಕೆಲವು ಹೆಸರು, ಹೆಸರಿನ ಪಕ್ಕ ಊರು. ಅದೇನು ಅಂತ ಕೇಳಿದೆ. "ಜೊತೆಗಿದ್ದೋರು" ಅಂದರು. ಅಷ್ಟೇ. ನಾನೂ ಮುಂದೆ ಕೇಳಲಿಲ್ಲ.

ಪ್ರತಿ ನವೆಂಬರಿನಲ್ಲಿ ಜೀವನ ಪ್ರಮಾಣ ಪತ್ರ ಕೊಡಬೇಕಲ್ಲ, ಅವರ ಬೆರಳಚ್ಚು ಮೆಷಿನ್ನಿಗೆ ಸಿಗುವುದಿಲ್ಲ. ಗೆರೆಗಳು ಸವೆದು ಹೋಗಿವೆ. ಈಗ ಮೊಮ್ಮಗಳ ಮೊಬೈಲಿನಲ್ಲಿ ಮುಖ ತೋರಿಸಿ ಬದುಕಿದ್ದೀನಿ ಅಂತ ಸಾಬೀತು ಮಾಡುತ್ತಾರೆ. "ಎರಡು ಯುದ್ಧ ಮುಗ್ಸಿ ಬಂದೋನು ಕಣ್ಣು ಮಿಟುಕಿಸಿ ತೋರಿಸ್ಬೇಕಂತೆ" ಅಂತ ನಗುತ್ತಾರೆ. ಈ ಮೊಮ್ಮಗಳು ಬೆಂಗಳೂರಿನಲ್ಲಿ ಇತಿಹಾಸ ಎಂ.ಎ. ಓದುತ್ತಿದ್ದಾಳೆ. ಪ್ರಕರಣದಲ್ಲಿ ಅವಳ ಪಾಲು ದೊಡ್ಡದು.

ಅಕ್ಟೋಬರ್ 11ರ ರಾತ್ರಿ

ಬಿನ್ನವತ್ತಳೆಯ 'ಶತ್ರುವಿನ ಗುಹೆಗೇ ನುಗ್ಗಿದ' ಅನ್ನುವ ಮಾತು ಎಲ್ಲಿಂದ ಬಂತು? ಅಧ್ಯಕ್ಷರು ಮೊಬೈಲಿನಲ್ಲಿ ಜಾಫ್ನಾ ವಿಶ್ವವಿದ್ಯಾಲಯದ ಕಾರ್ಯಾಚರಣೆಯ ಬಗ್ಗೆ ಒಂದು ವಿಡಿಯೋ ನೋಡಿದ್ದರು. ತಾತ ಲಂಕೆಯಲ್ಲಿದ್ದರು, ಹಾಗಾದರೆ ಅದರಲ್ಲೂ ಇದ್ದರು ಅಂತ ಸೇರಿಸಿಬಿಟ್ಟರು. ತಾತ ಅದರಲ್ಲಿ ಇರಲಿಲ್ಲ.

ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ, ಕಾಲೇಜಿನ ನಮ್ಮ ಹುಡುಗರಿಗೂ ಗೊತ್ತಿಲ್ಲ. 1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ಕೊಲಂಬೋದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ತಮಿಳರಿಗೂ ಸರ್ಕಾರಕ್ಕೂ ಮಧ್ಯೆ ನಿಂತು ಶಾಂತಿ ಕಾಯುವುದಕ್ಕೆ ನಮ್ಮ ಸೈನ್ಯ ಹೋಯಿತು. ತಮಿಳರಿಗೆ ಬೇರೆ ದೇಶ ಬೇಕು ಅಂತ ಹೋರಾಡುತ್ತಿದ್ದ ಎಲ್‌ಟಿಟಿಇ ಆಯುಧ ಒಪ್ಪಿಸಬೇಕಿತ್ತು, ಪೂರ್ತಿ ಒಪ್ಪಿಸಲಿಲ್ಲ. ಅಕ್ಟೋಬರ್ ಹೊತ್ತಿಗೆ ಶಾಂತಿ ಕಾಯಲು ಹೋದವರೇ ಯುದ್ಧ ಮಾಡುವ ಹಾಗಾಯಿತು. ಅದೇ ಆಪರೇಷನ್ ಪವನ್.

ಮೊದಲ ಏಟಿಗೇ ತಲೆ ಕತ್ತರಿಸಬೇಕು ಅನ್ನುವುದು ಲೆಕ್ಕ. ಎಲ್‌ಟಿಟಿಇ ನಾಯಕ ಪ್ರಭಾಕರನ್ ಮತ್ತು ಉಳಿದ ಮುಖ್ಯಸ್ಥರು ಜಾಫ್ನಾ ವಿಶ್ವವಿದ್ಯಾಲಯದ ಬಳಿ ಸಿಗುತ್ತಾರೆ ಅನ್ನುವ ಸುದ್ದಿ. ಅಕ್ಟೋಬರ್ 11ರ ರಾತ್ರಿ, ಹೆಲಿಕಾಪ್ಟರುಗಳಲ್ಲಿ ಆಟದ ಮೈದಾನಕ್ಕೆ ಕಮಾಂಡೋಗಳನ್ನು ಇಳಿಸುವುದು, ಅವರ ಹಿಂದೆ 13ನೇ ಸಿಖ್ ಲೈಟ್ ಇನ್‌ಫೆಂಟ್ರಿಯವರನ್ನು ಇಳಿಸುವುದು. ಎಂಐ-8 ಹೆಲಿಕಾಪ್ಟರುಗಳು ಕೈಬೆರಳೆಣಿಕೆಯಷ್ಟೇ ಇದ್ದವು. ಒಂದೇ ಸಲಕ್ಕೆ ಎಲ್ಲರನ್ನೂ ಇಳಿಸಲಾಗದೆ ಅದೇ ಜಾಗಕ್ಕೆ ಮತ್ತೆ ಮತ್ತೆ ಬರಬೇಕು. ಎಲ್‌ಟಿಟಿಇಯವರು ನಮ್ಮ ರೇಡಿಯೋ ಮಾತು ಮೊದಲೇ ಕೇಳಿಸಿಕೊಂಡಿದ್ದರು, ಮೈದಾನದ ಸುತ್ತ ಕಾದು ಕೂತಿದ್ದರು. ಹೆಲಿಕಾಪ್ಟರುಗಳಿಗೆ ಗುಂಡು ಬಿದ್ದ ಮೇಲೆ ಉಳಿದವರನ್ನು ಇಳಿಸುವುದು ನಿಂತುಹೋಯಿತು. ಅಷ್ಟರಲ್ಲಿ ಸಿಖ್ ಪಡೆಯ 30 ಜನ ಇಳಿದಾಗಿತ್ತು. ಮೇಜರ್ ಬೀರೇಂದ್ರ ಸಿಂಗ್ ಅವರ ಮುಖ್ಯಸ್ಥ. ಹಿಂದಿನಿಂದ ಯಾರೂ ಬರಲಿಲ್ಲ. ಮರುದಿನದ ಹೊತ್ತಿಗೆ 29 ಜನ ಸತ್ತಿದ್ದರು, ಒಬ್ಬ ಸೆರೆ ಸಿಕ್ಕ. ಕಮಾಂಡೋಗಳಲ್ಲೂ ಆರು ಜನ ಹೋದರು. ಉಳಿದವರನ್ನು ಟ್ಯಾಂಕುಗಳು ರೈಲು ಹಳಿಯ ದಾರಿ ಹಿಡಿದು ಹೋಗಿ ಬಿಡಿಸಿಕೊಂಡು ಬಂದವು. ಪ್ರಭಾಕರನ್ ಸಿಗಲಿಲ್ಲ.

ಆ ರಾತ್ರಿ ತಾತ ಪಲಾಲಿ ವಿಮಾನ ನಿಲ್ದಾಣದ ಹತ್ತಿರ ಇದ್ದರಂತೆ. ಸುದ್ದಿ ಗೊತ್ತಾಗಿದ್ದು ಮರುದಿನ. ಆಮೇಲೆ ಅವರ ಕೆಲಸ ಶುರುವಾಯಿತು. ಪಲಾಲಿಯಿಂದ ಜಾಫ್ನಾ ಊರಿಗೆ ಹದಿನಾರು ಕಿಲೋಮೀಟರ್ ಆಸುಪಾಸು. ಇಲ್ಲಿ ಬಸ್ಸಿನಲ್ಲಿ ಹೋದರೆ ಅರ್ಧ ಗಂಟೆ ಹಿಡಿಯಲ್ಲ. ಅಲ್ಲಿ ಸೈನ್ಯಕ್ಕೆ ಎರಡು ವಾರ ಹಿಡಿಯಿತು. ಎಲ್‌ಟಿಟಿಇಯವರು ರಸ್ತೆಯ ಅಡಿಯಲ್ಲಿ ಡ್ರಮ್ಮುಗಟ್ಟಲೆ ಸ್ಫೋಟಕ ಹೂತು, ದೂರದಲ್ಲಿ ಕೂತು ತಂತಿಯ ಗುಂಡಿ ಒತ್ತುತ್ತಿದ್ದರು. ಮುಂದೆ ಹೋಗಿ ನೆಲ ಕೆದಕಬೇಕಾದವರು ಸ್ಯಾಪರುಗಳು. ತಾತ ಕೈ ಹೇಗೆ ಇಡಬೇಕು ಅಂತ ತೋರಿಸಿದರು: ಹೊಟ್ಟೆ ಮೇಲೆ ಮಲಗಿ, ಉದ್ದನೆಯ ಕಡ್ಡಿಯನ್ನು ಓರೆಯಾಗಿ ಮಣ್ಣಿಗೆ ಚುಚ್ಚುವುದು, ನೇರವಾಗಿ ಚುಚ್ಚಿದರೆ ಮೈನಿನ ತಲೆಗೇ ತಗುಲುತ್ತದೆ. ಅಡಿಗೆ ಮನೆಯ ಜಗಲಿ ಮೇಲೆ, ಹಿಡಿಸೂಡಿಯ ಕಡ್ಡಿ ಹಿಡಿದು ತೋರಿಸಿದರು. ಆ ವಯಸ್ಸಿನಲ್ಲೂ ಕೈ ಒಂಚೂರೂ ನಡುಗಲಿಲ್ಲ.

"ಪತಾಕೆ ಎಲ್ಲಿ ಹಾರಿಸಿದ್ವಿ ಮೇಷ್ಟ್ರೆ? ಕೊನೆಗೆ ಹಡಗು ಹತ್ತಿ ವಾಪಸ್ ಬಂದ್ರು ನಮ್ಮೋರು." 1990ರ ಮಾರ್ಚಿನಲ್ಲಿ ಕೊನೆಯ ತುಕಡಿ ಮದ್ರಾಸಿಗೆ ಬಂದಿಳಿದಾಗ ತಮಿಳುನಾಡಿನ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಹೋಗಲಿಲ್ಲ. ಅಲ್ಲಿ ಸತ್ತವರು ಸಾವಿರಕ್ಕೂ ಹೆಚ್ಚು. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ ಆಗಿದ್ದು 2019ರಲ್ಲಿ, ಅವರ ಹೆಸರುಗಳನ್ನು ಕಲ್ಲಿನ ಮೇಲೆ ಅಲ್ಲಿ ಕೆತ್ತಿದ್ದಾರೆ.

ಸಭೆ

ಪಂಚಾಯಿತಿ ಕಟ್ಟಡದ ಪಕ್ಕದ ಕೊಠಡಿಯಲ್ಲಿ ಸಭೆ ಸೇರಿತು. ಅಧ್ಯಕ್ಷರು, ಸಂಘದ ಹುಡುಗರು, ನಾನು, ತಾತನ ಮೊಮ್ಮಗಳು, ಮತ್ತೆ ಸನ್ಮಾನದ ಪಟ್ಟಿಯಲ್ಲಿದ್ದ ಇನ್ನೊಬ್ಬರು. ಇವರು ಫಿರಂಗಿ ದಳದಲ್ಲಿದ್ದವರು, ಕಾರ್ಗಿಲ್ ಸಮಯದಲ್ಲಿ ದ್ರಾಸ್ ಕಡೆ ಇದ್ದರು. ಹುಡುಗರೆಲ್ಲ ಅವರನ್ನು ಹವಾಲ್ದಾರ್ ಅಣ್ಣ ಅನ್ನುತ್ತಾರೆ. ತಾತ ಬರಲಿಲ್ಲ.

ಅಧ್ಯಕ್ಷರ ವಾದ ಸರಳ. ಸನ್ಮಾನ ಅನ್ನುವುದು ಸನ್ಮಾನ. ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಎರಡು ಒಳ್ಳೆ ಮಾತು. ಶಾಲೆ ಮಕ್ಕಳು ಕೂತಿರುತ್ತಾರೆ, ಅವರ ಮುಂದೆ 'ಆಪರೇಷನ್ ಫೇಲ್ ಆಯ್ತು' ಅಂದರೆ ಸತ್ತವರಿಗೇ ಅವಮಾನ. "ಲಂಕೆ ವಿಷಯವೇ ಬೇಡ ಬಿಡಿ, 71 ಒಂದನ್ನೇ ಹಾಕೋಣ. ಅದರಲ್ಲಿ ಗೆದ್ದಿದ್ದೀವಲ್ಲ." ಸುಲಭದ ದಾರಿ. ನಾನೂ ಮೊದಲು ಇದೇ ಸರಿ ಅಂತ ತಲೆ ಆಡಿಸುವವನಿದ್ದೆ. ಆದರೆ ಮೊಮ್ಮಗಳು ಹೇಳಿದ್ದು: "ಅದನ್ನ ತೆಗೆದ್ರೂ ತಾತ ಬರಲ್ಲ. ಸುಳ್ಳು ಬೇಡ ಅಂದಿದ್ದಾರೆ, ಲಂಕೆ ಬೇಡ ಅಂದಿಲ್ಲ."

ಅವಳು ಓದಿಕೊಂಡು ಬಂದಿದ್ದಳು. ಜಾಫ್ನಾ ಕಾರ್ಯಾಚರಣೆ ಮೂರ್ಖತನ ಅಂತ ನೇರವಾಗೇ ಅಂದಳು. ಗುಟ್ಟು ರಟ್ಟಾಗಿತ್ತು, ಹೆಲಿಕಾಪ್ಟರ್ ಸಾಲದು, ಇಳಿದವರು ವಾಪಸ್ ಬರುವ ದಾರಿಯನ್ನು ಯಾರೂ ಯೋಚಿಸಿರಲಿಲ್ಲ. ಜೊತೆಗೆ ಇನ್ನೊಂದನ್ನೂ ಹೇಳಿದಳು. ಅದೇ ತಿಂಗಳ 21ರಂದು ಜಾಫ್ನಾ ಆಸ್ಪತ್ರೆಯೊಳಗೆ ನಮ್ಮ ಸೈನಿಕರ ಗುಂಡಿಗೆ ಡಾಕ್ಟರುಗಳು, ನರ್ಸುಗಳು, ರೋಗಿಗಳು ಸೇರಿ 60ಕ್ಕೂ ಹೆಚ್ಚು ಜನ ಸತ್ತರು. ಒಳಗಿನಿಂದ ಗುಂಡು ಬಂತು ಅಂತ ಸೈನ್ಯ ಹೇಳಿತು, ಬದುಕಿ ಉಳಿದವರು ಅದನ್ನು ಒಪ್ಪುವುದಿಲ್ಲ. ಕೊಠಡಿ ಒಂದು ನಿಮಿಷ ಗಪ್‌ಚಿಪ್. ಒಬ್ಬ ಹುಡುಗ ಎದ್ದು ಹೊರಗೆ ಹೋಗಿಬಿಟ್ಟ.

ಹವಾಲ್ದಾರ್ ಅಣ್ಣ ತಾಳ್ಮೆಯಿಂದ ಕೇಳಿಸಿಕೊಂಡರು. ಫೌಜಿ ಹುಕುಂ ಬಂದರೆ ಹೋಗುತ್ತಾನೆ, ಸರಿಯೋ ತಪ್ಪೋ ಅವನ ತಲೆನೋವಲ್ಲ ಅಂದರು. ಇದು ಎಲ್ಲ ಮಾಜಿ ಸೈನಿಕರೂ ಹೇಳುವ ಮಾತು. ಆದರೆ ಆಮೇಲೆ ಅವರು ಹೇಳಿದ್ದು ನನಗೆ ಇಡೀ ಸಭೆಯಲ್ಲಿ ಅತಿ ಮುಖ್ಯವಾಗಿ ಕಂಡಿತು. ತೋಲೋಲಿಂಗ್ ಬೆಟ್ಟದ ಕಥೆ. 1999ರ ಮೇ ಕೊನೆಯಲ್ಲಿ ಗ್ರೆನೇಡಿಯರ್ಸ್‌ನವರು ಹತ್ತಿದರು, ಮೇಜರ್ ರಾಜೇಶ್ ಅಧಿಕಾರಿ ಸತ್ತರು, ಬೆಟ್ಟ ಸಿಗಲಿಲ್ಲ. ಜೂನ್ 13ಕ್ಕೆ ರಾಜಪುತಾನಾ ರೈಫಲ್ಸ್‌ನವರು ಹತ್ತಿದರು, ಸಿಕ್ಕಿತು. "ಮೊದಲು ಹತ್ತಿದವರಿಗೆ ಧೈರ್ಯ ಕಮ್ಮಿ ಇತ್ತಾ? ಅದೇ ಬೆಟ್ಟ, ಅದೇ ಶತ್ರು. ಮಧ್ಯದಲ್ಲಿ ನಮ್ಮ ಬೋಫೋರ್ಸ್ ಫಿರಂಗಿ ಬಂದ್ವು. ಬೆಟ್ಟದ ಮೇಲೆ ಸುರಿದಿದ್ದು ಸುರಿದಿದ್ದೇ. ಆಮೇಲೆ ಹತ್ತಿದ್ರು."

ಸಾಹಸದ ಬೆಲೆಯ ಬಗ್ಗೆ ಪೇಪರು, ಟಿವಿಯಲ್ಲಿ ಎಷ್ಟೋ ಚರ್ಚೆ ಕೇಳಿದ್ದೇನೆ. ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಿದ್ದು ನೆನಪಿಲ್ಲ. ಗೆದ್ದ ಕಡೆ ಧೈರ್ಯ ಇತ್ತು, ಸೋತ ಕಡೆ ಇರಲಿಲ್ಲ ಅನ್ನುವಂತಿಲ್ಲ. ಧೈರ್ಯ ಎರಡೂ ಕಡೆ ಒಂದೇ. ಬದಲಾಗಿದ್ದು ಹಿಂದೆ ಕೂತವರು ಮಾಡಿಕೊಟ್ಟ ತಯಾರಿ. ಹಾಗಿರುವಾಗ ತಯಾರಿಯ ತಪ್ಪನ್ನು ಹೇಳಿದರೆ ಧೈರ್ಯಕ್ಕೆ ಹೇಗೆ ಅವಮಾನ ಆಗುತ್ತದೆ?

ಅಧ್ಯಕ್ಷರು ಅಷ್ಟು ಬೇಗ ಬಿಡಲಿಲ್ಲ. 71ರಲ್ಲಿ ಎಲ್ಲ ಸರಿಯಾಗೇ ಇತ್ತಲ್ಲ ಅಂದರು. ಬಾಂಗ್ಲಾದ ಟಂಗೈಲ್‌ನಲ್ಲಿ ಪ್ಯಾರಾಚೂಟ್ ಇಳಿಸಿದ್ದು ಯಾರೂ ತಪ್ಪು ಹಿಡಿಯಕ್ಕಾಗಲ್ಲ ಅಂದರು. ಡಿಸೆಂಬರ್ 11ರ ಸಂಜೆ ನಮ್ಮ ಪ್ಯಾರಾಚೂಟ್ ಪಡೆಯಾದ 2 ಪ್ಯಾರಾದ ಸುಮಾರು 700 ಜನ ಆಕಾಶದಿಂದ ಇಳಿದು ಪೂಂಗ್ಲಿ ಸೇತುವೆ ಹಿಡಿದರು. ಉತ್ತರದಿಂದ ಢಾಕಾ ಕಡೆ ಹಿಂದೆ ಸರಿಯುತ್ತಿದ್ದ ಪಾಕಿಸ್ತಾನದ ಬ್ರಿಗೇಡನ್ನು ತಡೆಯುವುದು ಉದ್ದೇಶ. ನಿಜವಾದ ಸಾಹಸ. ಐದೇ ದಿನಕ್ಕೆ ಢಾಕಾದಲ್ಲಿ ಪಾಕಿಸ್ತಾನದ ಜನರಲ್ ನಿಯಾಜಿ ಶರಣಾಗಿ, 93,000 ಜನ ಸೆರೆ ಸಿಕ್ಕರು. ಆದರೆ ಇದರಲ್ಲೂ ಚರ್ಚೆ ಇದೆ. ಆ ಬ್ರಿಗೇಡಿನ ಒಂದಷ್ಟು ಪಾಲು ಸೇತುವೆ ದಾಟಿ ಆಗಲೇ ಮುಂದೆ ಹೋಗಿಬಿಟ್ಟಿತ್ತು, ಇನ್ನೂ ಮೊದಲೇ ಇಳಿಸಬೇಕಿತ್ತು ಅನ್ನುವವರಿದ್ದಾರೆ. ಇನ್ನೊಂದು ತಮಾಷೆ. ದೆಹಲಿಯಲ್ಲಿ ಪತ್ರಿಕೆಗಳಿಗೆ ಕೊಟ್ಟ ಫೋಟೋ ಆಗ್ರಾದಲ್ಲಿ ನಡೆದ ಹಳೆಯ ಅಭ್ಯಾಸದ್ದು. ಆಕಾಶ ತುಂಬ ಪ್ಯಾರಾಚೂಟು. ವಿದೇಶಿ ಪತ್ರಿಕೆಗಳಲ್ಲಿ 5,000 ಜನ ಇಳಿದರು ಅಂತ ಬಂತು. ಢಾಕಾದಲ್ಲಿ ಕೂತವರ ಎದೆ ಒಡೆಯಲು ಆ ಫೋಟೋ ಕೂಡ ಒಂದು ಕೈ ನೋಡಿಕೊಂಡಿತು ಅನ್ನುತ್ತಾರೆ. ಸಾಹಸದ ಫಲ ಎಷ್ಟೋ ಸಲ ನೆಲದ ಮೇಲೆ ಇರುವುದಿಲ್ಲ, ಎದುರಾಳಿಯ ತಲೆಯೊಳಗೆ ಇರುತ್ತದೆ.

ಮೊಮ್ಮಗಳು ಇದಕ್ಕೆ ಅಮೆರಿಕದ ಉದಾಹರಣೆ ತಂದಳು. 1942ರ ಏಪ್ರಿಲ್ 18. ಜಪಾನಿನಿಂದ ಪರ್ಲ್ ಹಾರ್ಬರ್ ಏಟು ತಿಂದ ನಾಲ್ಕು ತಿಂಗಳಿಗೆ, ಡೂಲಿಟಲ್ ಅನ್ನುವ ಅಧಿಕಾರಿ 16 ಬಾಂಬರ್ ವಿಮಾನ, 80 ಜನರನ್ನು ಕಟ್ಟಿಕೊಂಡು ಹಡಗಿನ ಮೇಲಿಂದ ಹಾರಿ ಟೋಕಿಯೋ ಮತ್ತಿತರ ಊರುಗಳ ಮೇಲೆ ಬಾಂಬು ಹಾಕಿದ. ಹಡಗಿಗೆ ವಾಪಸ್ ಇಳಿಯುವ ಮಾತೇ ಇಲ್ಲ, ಚೀನಾ ಕಡೆ ಹೋಗಿ ಇಳಿಯಬೇಕು. ಒಂದು ವಿಮಾನ ರಷ್ಯಾಕ್ಕೆ ಹೋಯಿತು, ಉಳಿದ 15 ನಾಶವಾದವು. ಮೂವರು ಸತ್ತರು, ಎಂಟು ಜನ ಜಪಾನಿನವರ ಕೈಗೆ ಸಿಕ್ಕರು, ಅವರಲ್ಲಿ ಮೂವರನ್ನು ಗುಂಡಿಟ್ಟು ಕೊಂದರು. ಟೋಕಿಯೋದಲ್ಲಿ ಆದ ನಷ್ಟ ಅಷ್ಟಕ್ಕಷ್ಟೇ. ಅಮೆರಿಕದವರಿಗೆ ಮಾತ್ರ ಹೋದ ಜೀವ ಬಂದಂತಾಯಿತು. ಆಮೇಲೆ ಜಪಾನಿನವರು ಆ ವಿಮಾನದವರಿಗೆ ಆಸರೆ ಕೊಟ್ಟ ಚೀನಾದ ಊರುಗಳ ಮೇಲೆ ಬಿದ್ದರು. ಸತ್ತ ಚೀನೀಯರ ಅಂದಾಜು ಎರಡೂವರೆ ಲಕ್ಷದವರೆಗೆ ಹೋಗುತ್ತದೆ. ಆ 80 ಜನರ ಹೆಸರು ಕೆತ್ತಿದ 80 ಬೆಳ್ಳಿ ಲೋಟಗಳಿದ್ದವು. ಬದುಕಿದವರು ವರ್ಷಕ್ಕೊಮ್ಮೆ ಸೇರುತ್ತಿದ್ದರು, ತೀರಿಕೊಂಡವರ ಲೋಟ ಬೋರಲು ಹಾಕುತ್ತಿದ್ದರು. 2013ರ ನವೆಂಬರಿನಲ್ಲಿ ಕೊನೆಯ ಸಲ ಸೇರಿದಾಗ ಬದುಕಿದ್ದವರು ನಾಲ್ವರು, ಬರಲು ಆಗಿದ್ದು ಮೂವರಿಗೆ. ಕೊನೆಯವರು ರಿಚರ್ಡ್ ಕೋಲ್, 2019ರಲ್ಲಿ 103ನೇ ವಯಸ್ಸಿಗೆ ತೀರಿಕೊಂಡರು.

"ಆ ಲೋಟ ಇಟ್ಕೊಂಡು ಗೌರವಾನೂ ಕೊಡಬಹುದು, ಚೀನಾದವರ ಲೆಕ್ಕಾನೂ ಕೇಳಬಹುದು. ಎರಡೂ ಮಾಡ್ತಾರೆ ಅವರು" ಅಂದಳು.

"ಅವರು ಗೆದ್ದರು ಕಣಮ್ಮ, ಅದಕ್ಕೇ ಬೆಳ್ಳಿ ಲೋಟ" ಅಂದರು ಅಧ್ಯಕ್ಷರು.

ಈ ಮಾತಿಗೆ ಅವಳ ಹತ್ತಿರ ಉತ್ತರ ಇರಲಿಲ್ಲ, ನನ್ನ ಹತ್ತಿರವೂ ಇರಲಿಲ್ಲ. ಅಧ್ಯಕ್ಷರು ಅದನ್ನು ಸೋತು ಹೇಳಿದ್ದಲ್ಲ, ಆದರೆ ಇಡೀ ಸಮಸ್ಯೆಯ ಬೇರು ಅಲ್ಲೇ ಇತ್ತು. ಯುದ್ಧ ಗೆದ್ದರೆ ಅದರೊಳಗಿನ ಎಡವಟ್ಟುಗಳೂ ಸಾಹಸ ಆಗಿಬಿಡುತ್ತವೆ. ಯುದ್ಧ ಕೈಕೊಟ್ಟರೆ ಅದರೊಳಗಿನ ಮನುಷ್ಯರೇ ಮರೆತುಹೋಗುತ್ತಾರೆ. ತಾತನಿಗೆ ಎರಡೂ ಆಗಿತ್ತು, ಒಂದೇ ಟ್ರಂಕಿನೊಳಗೆ.

ವಿದುರಾಶ್ವತ್ಥದ ಮಾತು

ಸಭೆಯಲ್ಲಿ ಯಾರೋ ವಿದುರಾಶ್ವತ್ಥದ ಹೆಸರು ತಂದರು. ಗೌರಿಬಿದನೂರಿನವರಿಗೆ ಅದು ಬರದೆ ಇರುವುದಿಲ್ಲ. 1938ರ ಏಪ್ರಿಲ್ 25ರಂದು ನಿಷೇಧ ಇದ್ದರೂ ಧ್ವಜ ಹಾರಿಸಲು ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಇವತ್ತಿಗೂ ಹೊಂದುವುದಿಲ್ಲ. ಅವತ್ತು ಮೈದಾನದಲ್ಲಿ ಗೆದ್ದವರು ಯಾರು? ಪೊಲೀಸರು. ಆದರೂ ನಾವು ಸ್ಮಾರಕ ಕಟ್ಟಿದ್ದು ಬಿದ್ದವರಿಗೆ. ಸೋತವರನ್ನು ನೆನೆಯುವುದು ನಮಗೇನು ಹೊಸದಾ ಅನ್ನುವುದು ವಾದ.

ಚೆನ್ನಾಗಿದೆ, ಆದರೆ ಪೂರ್ತಿ ಹೊಂದುವುದಿಲ್ಲ. ವಿದುರಾಶ್ವತ್ಥಕ್ಕೆ ಹೋದವರು ತಾವಾಗೇ ಹೋದರು. ಬೇಡ ಅಂದಿದ್ದರೆ ಮನೆಯಲ್ಲಿರಬಹುದಿತ್ತು. ಫಲವೂ ಬೇಗ ಸಿಕ್ಕಿತು. ಮುಂದಿನ ತಿಂಗಳೇ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲ್ ಮಧ್ಯೆ ಮಿರ್ಜಾ-ಪಟೇಲ್ ಒಪ್ಪಂದ ಆಗಿ ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಧ್ವಜ ಹಾರಿಸಲು ಅವಕಾಶ ಸಿಕ್ಕಿತು. ಜಾಫ್ನಾದ ಮೈದಾನಕ್ಕೆ ಇಳಿದ 30 ಜನರಿಗೆ ಬೇಡ ಅನ್ನುವ ಹಕ್ಕಿರಲಿಲ್ಲ, ಅವರ ಸಾವಿನಿಂದ ಏನೂ ದಕ್ಕಲಿಲ್ಲ. ನನ್ನ ಮಟ್ಟಿಗೆ, ಅಕ್ಟೋಬರ್ 11ರ ಕಾರ್ಯಾಚರಣೆ ಆ ಬೆಲೆಗೆ ತಕ್ಕದ್ದಲ್ಲ. ಹಾಗೆ ಹೇಳುವುದಕ್ಕೆ ಸೈನ್ಯದ ಕಾಲೇಜಿನಲ್ಲಿ ಓದಿರಬೇಕಾಗಿಲ್ಲ. ಎದುರಾಳಿಗೆ ಸುದ್ದಿ ಮುಟ್ಟಿದ ಮೇಲೆ ಒಂದೇ ಮೈದಾನಕ್ಕೆ ಕಂತುಕಂತಾಗಿ ಜನ ಇಳಿಸುವುದನ್ನು ಸಾಹಸ ಅನ್ನಲು ಬಾಯಿ ಬರುವುದಿಲ್ಲ. ಇಳಿದವರದ್ದು ಸಾಹಸ, ಇಳಿಸಿದ್ದು ದುಡುಕು. ಹೋಗು ಅಂದವರು ಮತ್ತು ಹೋದವರು ಬೇರೆ ಬೇರೆ ಜನ ಆಗಿರುವಾಗ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ಹುಕುಂ ಪಾಲಿಸಿದವನನ್ನು ಹೊಗಳುವುದಕ್ಕಾಗಿ ಹುಕುಂ ಸರಿ ಇತ್ತು ಅಂತ ಹೇಳಲೇಬೇಕು ಅಂದುಕೊಂಡಿದ್ದೇವೆ. ಆ ಗಂಟು ಬಿಚ್ಚಿಕೊಳ್ಳದೆ ಈ ಬಿನ್ನವತ್ತಳೆ ತಿದ್ದುವ ಹಾಗಿರಲಿಲ್ಲ.

ಏನು ಮಾಡಿದೆವು

ತಾತನ ಮನೆಗೆ ಹೋದೆವು, ಅಧ್ಯಕ್ಷರೂ ಬಂದರು. ಅಜ್ಜಿ ಎಲ್ಲರಿಗೂ ಟೀ ಕೊಟ್ಟರು. ಮೊಮ್ಮಗಳು ಸಭೆಯಲ್ಲಿ ಹೇಳಿದ್ದನ್ನೆಲ್ಲ ಮತ್ತೆ ಹೇಳಿದಳು, ಆಸ್ಪತ್ರೆಯ ವಿಷಯವನ್ನೂ ಬಿಡಲಿಲ್ಲ. ತಾತ ಅವಳನ್ನು ತಡೆಯಲಿಲ್ಲ. ಎಲ್ಲ ಮುಗಿದ ಮೇಲೆ ಅಂದರು: "ನೀನು ಹೇಳಿದ್ದು ಸರಿ ಇರಬಹುದು ಮಗ. ಆದ್ರೆ ಮೂರ್ಖತನ ಅಂತ ನೀನು ಅಂದಾಗ, ಸತ್ತೋನ ತಾಯಿ ಪಕ್ಕದಾಗೆ ಕೂತವ್ಳೆ ಅಂದ್ಕೊಂಡು ಅನ್ನು. ಆಗ ಬೇರೆ ಥರ ಹೇಳ್ತೀಯ. ಹೇಳೋದು ಬಿಡಬೇಡ."

ಅಧ್ಯಕ್ಷರ ಕಡೆ ತಿರುಗಿ, "ಮಾಡದೆ ಇರೋದನ್ನ ಬರೆದ್ರೆ, ಮಾಡಿರೋದೂ ಸುಳ್ಳಾಗುತ್ತಪ್ಪ" ಅಂದರು. ಅಧ್ಯಕ್ಷರು ಏನೂ ಮಾತಾಡಲಿಲ್ಲ, ಫ್ಲೆಕ್ಸ್ ಆಗಲೇ ಪ್ರಿಂಟಿಗೆ ಹೋಗಿದೆ ಅಂತ ಮಾತ್ರ ಗೊಣಗಿದರು.

ಕೊನೆಗೆ ಬಿನ್ನವತ್ತಳೆಯಲ್ಲಿ ಉಳಿದದ್ದು ಇಷ್ಟು: "1971ರ ಯುದ್ಧದಲ್ಲಿ ಪೂರ್ವದ ಗಡಿಯಲ್ಲಿ ಸೇತುವೆ ಕಟ್ಟುವ ಕೆಲಸ ಮಾಡಿದರು. 1987ರಲ್ಲಿ ಶ್ರೀಲಂಕಾದ ಜಾಫ್ನಾದಲ್ಲಿ ರಸ್ತೆಯಲ್ಲಿ ಹೂತ ಸ್ಫೋಟಕ ತೆಗೆಯುವ ಕೆಲಸ ಮಾಡಿದರು. ಜೊತೆಗೆ ಹೋಗಿ ಹಿಂದಿರುಗದವರನ್ನು ಇಂದು ಅವರ ಪರವಾಗಿ ನೆನೆಯುತ್ತೇವೆ." ಕಲಿ, ಧೀರ, ಪತಾಕೆ ಎಲ್ಲ ಹೋದವು. ಕೇಳುವವರಿಗೆ ಸಪ್ಪೆ ಅನ್ನಿಸುತ್ತದೆ ಅಂತ ಹುಡುಗರು ಅಂದರು. ನನಗೇನೋ ಇದರಲ್ಲೇ ತೂಕ ಜಾಸ್ತಿ ಕಂಡಿತು.

ಎರಡನೇ ನಿರ್ಧಾರ, ವೇದಿಕೆ ಮೇಲೆ ಚರ್ಚೆ ಬೇಡ. ಊಟ ಆದ ಮೇಲೆ ಶಾಲೆಯ ಕೊಠಡಿಯಲ್ಲಿ ಕೂರುವುದು, ಬೇಕಾದವರು ಬರಲಿ, ಅಲ್ಲಿ ಏನು ಬೇಕಾದರೂ ಕೇಳಲಿ. ಗೌರವ ಕೊಡುವ ಜಾಗ ಬೇರೆ, ವಾದ ಮಾಡುವ ಜಾಗ ಬೇರೆ, ಆದರೆ ದಿನ ಒಂದೇ ಇರಲಿ ಅನ್ನುವುದಕ್ಕೆ ನಾನು ಹಟ ಹಿಡಿದೆ. ಇನ್ನೊಂದು ದಿನ ಮಾಡೋಣ ಅಂದರೆ ಅದು ಯಾವತ್ತೂ ನಡೆಯುವುದಿಲ್ಲ. ಮುಂದೂಡಿದ ಮೇಲೆ ನಡೆದ ಸಭೆ ನಮ್ಮ ಕಡೆ ನಾನು ನೋಡಿಲ್ಲ.

ಆಮೇಲೆ

ಕಾರ್ಯಕ್ರಮ ನಡೆಯಿತು. ಅತಿಥಿಗಳು ತಡವಾಗಿ ಬಂದರು, ಬೇಗ ಹೋದರು, ಭಾಷಣದಲ್ಲಿ 'ಲಂಕೆಯಲ್ಲಿ ವಿಜಯ' ಅಂತ ಅಂದೇ ಅಂದರು. ಹಳೆಯ ಕಾಗದ ಯಾರೋ ಅವರ ಕೈಗೆ ಕೊಟ್ಟಿದ್ದರು. ತಾತ ಪೇಟ ಸರಿ ಮಾಡಿಕೊಂಡರು, ಬೇರೆ ಏನೂ ಮಾಡಲಿಲ್ಲ.

ಶಾಲೆ ಕೊಠಡಿಗೆ ಮೂವತ್ತರ ಆಸುಪಾಸು ಜನ ಬಂದರು, ಅರ್ಧಕ್ಕಿಂತ ಜಾಸ್ತಿ ಮಕ್ಕಳು. ಮೊದಲ ಪ್ರಶ್ನೆ ಎಂಟನೇ ಕ್ಲಾಸಿನ ಹುಡುಗನದು: "ತಾತ, ನೀವು ಎಷ್ಟು ಜನನ ಸಾಯಿಸಿದ್ರಿ?" ಎಲ್ಲರೂ ನಕ್ಕರು. ತಾತ ನಗಲಿಲ್ಲ. ಲೆಕ್ಕ ಇಟ್ಟಿಲ್ಲ, ಇಟ್ಟಿರೋದು ಸೇತುವೆ ಲೆಕ್ಕ ಅಂದರು. ಹೊಳೆ ಮೇಲೆ ಬೈಲಿ ಸೇತುವೆಯ ಚೌಕಟ್ಟುಗಳನ್ನು ಹೇಗೆ ಜೋಡಿಸಿ ತಳ್ಳುತ್ತಾರೆ ಅಂತ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದರು. ಮಕ್ಕಳು ಯುದ್ಧ ಮರೆತು ಸೇತುವೆಗೆ ಅಂಟಿಕೊಂಡರು. ಅಷ್ಟು ಭಾರ ಇರುವುದನ್ನು ಕ್ರೇನ್ ಇಲ್ಲದೆ ಹೇಗೆ ಅನ್ನುವ ಪ್ರಶ್ನೆಗೆ ಅರ್ಧ ಗಂಟೆ ಹೋಯಿತು.

ಒಬ್ಬ ಹುಡುಗಿ ಮಾತ್ರ, ಆ 30 ಜನ ಇಳಿಯುವ ಮೊದಲೇ ಹೀಗಾಗುತ್ತೆ ಅಂತ ಗೊತ್ತಿದ್ದರೆ ನೀವು ಹೋಗುತ್ತಿದ್ದಿರಾ ಅಂತ ಕೇಳಿದಳು. ಹವಾಲ್ದಾರ್ ಅಣ್ಣ ಹೋಗ್ತಿದ್ವಿ ಅಂದರು. ತಾತ, "ಹೋಗ್ತಿದ್ವಿ. ಆದ್ರೆ ಸಾಹೇಬ್ರೇ ಇನ್ನೊಂದ್ಸಲ ನೋಡಿ ಅಂತ ಒಂದು ಮಾತು ಕೇಳ್ತಿದ್ದೆ" ಅಂದರು. ಹಾಗೆ ಕೇಳಬಹುದಾ ಅಂತ ಹವಾಲ್ದಾರ್ ಅಣ್ಣ ತಿರುಗಿ ಕೇಳಿದರು. ಕೇಳಬಹುದು, ಕೇಳಬಾರದು ಅಂತ ಇಬ್ಬರೂ ಅಲ್ಲೇ ವಾದಕ್ಕೆ ಬಿದ್ದರು, ಹಿಂದಿಯಲ್ಲಿ. ನಮಗೆ ಅರ್ಧ ಅರ್ಥವಾಯಿತು.

ಮೊಮ್ಮಗಳು ರೆಕಾರ್ಡ್ ಮಾಡಿಕೊಳ್ಳಲೇ ಅಂದಾಗ ತಾತ ಒಪ್ಪಲಿಲ್ಲ. ಬರೆದುಕೋ, ತಪ್ಪಿದ್ದರೆ ತಿದ್ದುತ್ತೇನೆ ಅಂದರು. ವಯಸ್ಸಾದವರ ಮಾತು ದಾಖಲು ಮಾಡಿಕೊಳ್ಳಬೇಕು ಅಂತ ಎಲ್ಲರೂ ಹೇಳುತ್ತೇವೆ, ಆದರೆ ಮೊಬೈಲು ಮುಂದೆ ಹಿಡಿದರೆ ಎಷ್ಟೋ ಜನ ಭಾಷಣ ಶುರು ಮಾಡುತ್ತಾರೆ ಅಥವಾ ಬಾಯಿ ಮುಚ್ಚುತ್ತಾರೆ. ಅವಳು ಈಗ ಊರಿಗೆ ಬಂದಾಗೆಲ್ಲ ಬರೆದುಕೊಳ್ಳುತ್ತಿದ್ದಾಳೆ. ನೋಟ್‌ಬುಕ್ಕಿನ ಹೆಸರುಗಳಲ್ಲಿ ಕೆಲವನ್ನು ಯುದ್ಧ ಸ್ಮಾರಕದ ಪಟ್ಟಿಯೊಂದಿಗೆ ತಾಳೆ ನೋಡುತ್ತಿದ್ದಾಳೆ.

ಅಧ್ಯಕ್ಷರಿಗೆ ಇನ್ನೂ ಪೂರ್ತಿ ಸಮಾಧಾನ ಇಲ್ಲ. ಮುಂದಿನ ವರ್ಷದ ಪಟ್ಟಿಗೆ ಪಕ್ಕದ ಊರಿನ ಇನ್ನೊಬ್ಬ ಮಾಜಿ ಸೈನಿಕರ ಹೆಸರು ಬಂದಿದೆ. ಅವರು ಸೇವೆಯಲ್ಲಿದ್ದಷ್ಟು ವರ್ಷವೂ ಡಿಪೋದಲ್ಲಿ ರೇಷನ್ ಲೆಕ್ಕ ಬರೆದವರು, ಒಂದು ಗುಂಡೂ ನೋಡಿದವರಲ್ಲ. ಅವರ ಬಿನ್ನವತ್ತಳೆಯಲ್ಲಿ ಏನು ಬರೆಯುವುದು ಅಂತ ಅಧ್ಯಕ್ಷರು ತಲೆ ಕೆಡಿಸಿಕೊಂಡಿದ್ದಾರೆ. ತಾತ ಹೇಳಿ ಕಳಿಸಿದ್ದಾರೆ: "ರೇಷನ್ ಟೈಮಿಗೆ ಬರ್ತಿತ್ತು ಅಂತ ಬರೀರಿ. ನಾನು ಸಾಕ್ಷಿ ಹೇಳ್ತೀನಿ."